ನಾನಿಯವರೆಗೂ ತಲುಪಬೇಕಾದ ಪಾಠ

ತರಗತಿ: 9, ವಿಷಯ: ವಿಜ್ಞಾನ, ಪಾಠಾಂಶ: ಎಚ್‌ಐವಿ ತಡೆ

ಪೂರ್ವಜ್ಞಾನ ಪರೀಕ್ಷಿಸಲು, "ಎಚ್‌ಐವಿ ಹೇಗೆ ಹರಡುತ್ತದೆ?" ಎಂದು ಕೇಳಿದೆ. ಉರ್ದು ಮನೆಮಾತಿನ ವಿದ್ಯಾರ್ಥಿನಿಯೊಬ್ಬಳು, "ಸೊಳ್ಳೆಯಿಂದ ಟೀಚರ್, ನಮ್ಮ ನಾನಿ ಹೇಳಿದ್ದಾರೆ" ಎಂದಳು.

ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ ಮತ್ತು ಸೂಜಿ, ತಾಯಿಯಿಂದ ಮಗುವಿಗೆ – ಹರಡುವ ದಾರಿಗಳನ್ನು ಚಾರ್ಟ್ ತೋರಿಸಿ ವಿವರಿಸಿದೆ. ತರಗತಿಯಲ್ಲಿ ತಪ್ಪು ತಿದ್ದಿತು, ಮನೆಯಲ್ಲಿ ಉಳಿಯಿತು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ನಾನಿಯರ ಶಾಲೆಯ ದಿನಗಳು ಅದಕ್ಕೂ ಮೊದಲೇ ಮುಗಿದಿದ್ದವು.

ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ಶನಿವಾರ ತಾಯಂದಿರನ್ನೂ ಅಜ್ಜಿಯರನ್ನೂ ಕರೆಸಿದೆ. ಉರ್ದು ಶಿಕ್ಷಕಿ ನನ್ನ ಮಾತನ್ನು ಅನುವಾದಿಸಿದರು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಸೋಂಕಿದ್ದರೆ ಔಷಧಿಯೂ ಉಚಿತ, ಮಾಹಿತಿಗೆ 1097 ಸಹಾಯವಾಣಿ ಇದೆ ಎಂದಾಗ ಒಬ್ಬ ತಾಯಿ ಆ ಸಂಖ್ಯೆಯನ್ನು ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡರು.

ಆತ್ಮಾವಲೋಕನ: ಉರ್ದು ಕರಪತ್ರ ಮತ್ತು ಚಹಾಕ್ಕೆ 640 ರೂಪಾಯಿ ಆಯಿತು. ಕೊಟ್ಟದ್ದು ನಾನೇ. ಪರೀಕ್ಷೆಗೂ ಔಷಧಿಗೂ ಸರ್ಕಾರದ ಹಣವಿದೆ. ಅವು ಇವೆ ಎಂದು ಮನೆಮಾತಿನಲ್ಲಿ ತಿಳಿಸುವ ಈ ಸಣ್ಣ ಖರ್ಚಿಗೆ ಶಾಲೆಯ ಲೆಕ್ಕದಲ್ಲಿ ಜಾಗವಿರಲಿಲ್ಲ. ಮುಂದಿನ ತಂಡದ ಪಾಠಯೋಜನೆಯಲ್ಲಿ ಕಲಿಕೋಪಕರಣದ ಜೊತೆಗೆ 'ಮನೆಗೆ ತಲುಪಿಸುವ ಖರ್ಚು' ಎಂದೂ ಸೇರಿಸಿ, ಕಾಲೇಜೇ ಅದನ್ನು ಭರಿಸಲಿ ಎಂಬುದು ನನ್ನ ವಿನಂತಿ.