400 + 47 = 430 ಹೇಗೆ?

ಕಳೆದ ಸೆಮಿಸ್ಟರ್ ಲ್ಯಾಬ್ ವೈವಾದಲ್ಲಿ ಸರ್ ಕೇಳಿದ್ರು: "400 ಎಚ್‌ಪಿ ಇಂಜಿನ್‌ಗೆ 47 ಎಚ್‌ಪಿ ಮೋಟರ್ ಸೇರಿಸಿದ್ರೆ ಒಟ್ಟು ಎಷ್ಟಪ್ಪಾ?" ನಾನು ಯೋಚನೆನೇ ಮಾಡದೆ "447 ಸರ್" ಅಂದೆ. ಸರ್ ನಕ್ಕು ಮುಂದಿನ ರೋಲ್ ನಂಬರ್ ಕರೆದ್ರು. ಮಾರ್ಕ್ಸ್ ಹೋಯ್ತು. ನಿಮಗೆ ಹಾಗಾಗದಿರಲಿ ಅಂತ ಈ ಲೇಖನ.

ಅಮೆರಿಕದ ಪಿಕಪ್ ಟ್ರಕ್ ಫೋರ್ಡ್ ಎಫ್-150 ತಗೊಳ್ಳೋಣ. 2021ರ ಮಾಡೆಲ್‌ನಲ್ಲಿ 3.5 ಲೀಟರ್ ಟರ್ಬೊ ವಿ6 ಪೆಟ್ರೋಲ್ ಇಂಜಿನ್ ಈ ಎರಡು ರೀತಿಯಲ್ಲೂ ಸಿಗುತ್ತಿತ್ತು:

1. ಇಕೋಬೂಸ್ಟ್ (ಬರೀ ಇಂಜಿನ್): 400 ಎಚ್‌ಪಿ, 678 ನ್ಯೂಟನ್ ಮೀಟರ್ ಟಾರ್ಕ್.
2. ಪವರ್‌ಬೂಸ್ಟ್ (ಹೈಬ್ರಿಡ್): 430 ಎಚ್‌ಪಿ, 773 ನ್ಯೂಟನ್ ಮೀಟರ್ ಟಾರ್ಕ್. ಇದರ ಗೇರ್‌ಬಾಕ್ಸ್ ಜೊತೆ 35 ಕಿಲೋವ್ಯಾಟ್, ಅಂದ್ರೆ 47 ಎಚ್‌ಪಿ ಮೋಟರ್ ಇದೆ.

ಉಳಿದ 17 ಎಚ್‌ಪಿ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. 400 ಅನ್ನೋದು ಇಂಜಿನ್ 6000 ಆರ್‌ಪಿಎಂನಲ್ಲಿ ಕೊಡುವ ಗರಿಷ್ಠ ಪವರ್. 47 ಮೋಟರ್‌ನ ಗರಿಷ್ಠ. ಎರಡರ ಗರಿಷ್ಠವೂ ಒಂದೇ ಆರ್‌ಪಿಎಂನಲ್ಲಿ ಬರಬೇಕು ಅಂತ ಏನಿಲ್ಲ. 430 ಅನ್ನೋದು ಎರಡೂ ಸೇರಿ ಒಂದೇ ಕ್ಷಣದಲ್ಲಿ ಕೊಡಬಲ್ಲ ಪವರ್. ಅಂದ್ರೆ ಮೊದಲು ಎರಡು ಗ್ರಾಫ್‌ಗಳನ್ನು ಕೂಡಿಸಬೇಕು, ಆಮೇಲೆ ಗರಿಷ್ಠ ಹುಡುಕಬೇಕು. ನಾನು ಉಲ್ಟಾ ಮಾಡಿದ್ದೆ.

ನಿಜವಾದ ಲಾಭ ಟಾರ್ಕ್‌ನಲ್ಲಿ

ಪವರ್ ಹೆಚ್ಚಿದ್ದು ಶೇ. 7.5 ಮಾತ್ರ, ಆದ್ರೆ ಟಾರ್ಕ್ ಶೇ. 14. ಟರ್ಬೊ ಕೆಲಸ ಶುರು ಮಾಡೋಕೆ ಎಕ್ಸಾಸ್ಟ್ ಗ್ಯಾಸ್ ಜೋರಾಗಿ ಬರಬೇಕು. ಮೋಟರ್‌ಗೆ ಆ ಕಾಯುವಿಕೆ ಇಲ್ಲ, ನಿಂತಲ್ಲಿಂದಲೇ ಟಾರ್ಕ್ ಕೊಡುತ್ತೆ.

ಲೆಕ್ಕ ಹಾಕಿ ನೋಡೋಣ. ಪವರ್ = ಟಾರ್ಕ್ × ಕೋನೀಯ ವೇಗ. ಎರಡೂ ಟ್ರಕ್‌ಗಳ ಗರಿಷ್ಠ ಟಾರ್ಕ್ ಸುಮಾರು 3000 ಆರ್‌ಪಿಎಂ ಹತ್ತಿರ ಬರುತ್ತೆ. ಅಲ್ಲಿ ಕೋನೀಯ ವೇಗ ಸೆಕೆಂಡಿಗೆ 314 ರೇಡಿಯನ್. ಹೆಚ್ಚಾದ ಟಾರ್ಕ್ 95. ಗುಣಿಸಿದ್ರೆ ಸುಮಾರು 30 ಕಿಲೋವ್ಯಾಟ್. ಮೋಟರ್‌ನ 35ರ ಮಿತಿಯೊಳಗೇ ಇದೆ, ಲೆಕ್ಕ ಸರಿಹೋಯ್ತು!

ಹಾಗಾದ್ರೆ ಹೈಬ್ರಿಡ್ಡೇ ಜಾಸ್ತಿ ಎಳೆಯುತ್ತಾ?

ಇಲ್ಲ! ಇಕೋಬೂಸ್ಟ್ ಗರಿಷ್ಠ 14,000 ಪೌಂಡ್ (ಸುಮಾರು 6,350 ಕೆಜಿ) ಎಳೆಯುತ್ತೆ, ಹೈಬ್ರಿಡ್ 12,700 ಪೌಂಡ್ (ಸುಮಾರು 5,760 ಕೆಜಿ). ಎಳೆಯುವ ಮಿತಿಯನ್ನು ಪವರ್ ಒಂದೇ ನಿರ್ಧರಿಸಲ್ಲ. ಗಾಡಿಯ ಸ್ವಂತ ತೂಕ, ಆಕ್ಸಲ್, ಕೂಲಿಂಗ್ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಮೋಟರ್, ಬ್ಯಾಟರಿ ಸೇರಿದಾಗ ತೂಕವೂ ಸೇರುತ್ತೆ.

ಇನ್ನೊಂದು ವಿಷಯ: ಬ್ಯಾಟರಿ ಇರೋದು 1.5 ಕಿಲೋವ್ಯಾಟ್ ಅವರ್ ಅಷ್ಟೇ. ಮೋಟರ್ ಪೂರ್ತಿ 35 ಕಿಲೋವ್ಯಾಟ್ ಎಳೆದ್ರೆ, ಬ್ಯಾಟರಿ ಫುಲ್ ಇದ್ರೂ ಮೂರು ನಿಮಿಷದೊಳಗೆ ಖಾಲಿ. ಉದ್ದನೆ ಏರು ಹತ್ತುವಾಗ ಕೊನೆಗೆ ದುಡಿಯೋದು ಇಂಜಿನ್ನೇ. ಓವರ್‌ಟೇಕ್‌ಗೆ, ಸಿಗ್ನಲ್‌ನಿಂದ ಹೊರಡೋಕೆ ಮೋಟರ್ ಸೂಪರ್. ಬ್ರೇಕ್ ಹಾಕಿದಾಗ ಬ್ಯಾಟರಿ ಮತ್ತೆ ಸ್ವಲ್ಪ ತುಂಬುತ್ತೆ.

ಆದ್ದರಿಂದ ಗೆಳೆಯರೇ, ಬ್ರೋಷರ್‌ನಲ್ಲಿ ಎಚ್‌ಪಿ ನೋಡಿದಾಗ ಎರಡು ಪ್ರಶ್ನೆ ಕೇಳಿ: ಯಾವ ಆರ್‌ಪಿಎಂನಲ್ಲಿ? ಎಷ್ಟು ಹೊತ್ತು? ವೈವಾದಲ್ಲೂ ಅಷ್ಟೇ, ಉತ್ತರ ಹೇಳೋ ಮುಂಚೆ "ಯಾವ ಆರ್‌ಪಿಎಂನಲ್ಲಿ ಸರ್?" ಅಂತ ಕೇಳಿಬಿಡಿ. ನಾನಂತೂ ಮುಂದಿನ ಸಲ ಕೇಳ್ತೀನಿ.