ಪಿಡುಗಿನ ಕಾಲದಲ್ಲಿ ಮಸೀದಿಯ ಜಮಾಅತ್ ನಡೆಸುವುದು ಹೇಗೆ?



2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಕೊರೊನಾದಿಂದಾದ ಮೊದಲ ಸಾವು ಅದೇ ಎಂದು ದಾಖಲಾಯಿತು. ಮಾರ್ಚ್ 25ರಿಂದ ಇಡೀ ದೇಶವೇ ಮನೆಯೊಳಗೆ ಕುಳಿತಿತು. ಅಝಾನ್ ಐದು ಹೊತ್ತೂ ಕೇಳುತ್ತಿತ್ತು, ಆದರೆ ಸಫ್‌ಗಳು ಖಾಲಿ. ಆ ವರ್ಷದ ತರಾವೀಹ್ ಮನೆಯಲ್ಲಿ, ಈದ್ ನಮಾಝೂ ಮನೆಯಲ್ಲಿ. ಜೂನ್ 8ರಿಂದ ಆರಡಿ ಅಂತರದ ನಿಯಮದೊಂದಿಗೆ ಮಸೀದಿಗಳು ತೆರೆದವು. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಬಂದಾಗ, ಮತ್ತೆ ಮುಚ್ಚಿದವು.

ಆ ದಿನಗಳು ಕಳೆದವು. ಆದರೆ ತಿಕೋಟಾದ ನನ್ನ ದವಾಖಾನೆಗೆ ಬರುವ ಹಿರಿಯರು ಇಂದಿಗೂ ಕೇಳುತ್ತಾರೆ: "ಡಾಕ್ಟರ್ ಸಾಬ್, ಅಲ್ಲಾಹನ ಮನೆಯ ಬಾಗಿಲು ಮುಚ್ಚಿದ್ದು ಸರಿಯೇ?" ಇನ್ನೊಂದು ಪಿಡುಗು ಬಾರದೆಂದು ಯಾರೂ ಹೇಳಲಾರರು. ಆದ್ದರಿಂದ ಇದಕ್ಕೆ ಉತ್ತರವನ್ನು ಈಗಲೇ, ನೆಮ್ಮದಿಯ ಕಾಲದಲ್ಲೇ ಕಂಡುಕೊಳ್ಳಬೇಕು.

ದೀನ್ ಕಲಿಸಿದ್ದು

ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ರೋಗ ಬಂದರೆ ಅಲ್ಲಿಂದ ಓಡಬೇಡಿ ಎಂದು ಪ್ರವಾದಿಯವರು(ಸ) ಕಲಿಸಿದ್ದು ನಿಮಗೆಲ್ಲ ಗೊತ್ತು. ಹಿಜರಿ 18ರ ಸುಮಾರಿಗೆ ಶಾಮ್ ದೇಶದ ಅಮ್ವಾಸ್‌ನಲ್ಲಿ ಪ್ಲೇಗ್ ಹಬ್ಬಿದ್ದಾಗ ಹಝ್ರತ್ ಉಮರ್(ರ) ಸರ್ಗ್ ಎಂಬಲ್ಲಿಂದಲೇ ಹಿಂತಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಮುಂದೆ ಹಝ್ರತ್ ಅಮ್ರ್ ಬಿನ್ ಆಸ್(ರ) ಜನರನ್ನು ಗುಂಪುಗೂಡದೆ ಬೆಟ್ಟಗಳಿಗೆ ಚದುರಿಹೋಗಲು ಹೇಳಿದರೆಂದು ಇತಿಹಾಸದಲ್ಲಿದೆ.

ಜೋರು ಮಳೆಯ ದಿನ ಮನೆಯಲ್ಲೇ ನಮಾಝ್ ಮಾಡಿ ಎಂದು ಸಾರಿಸಿದ ಉದಾಹರಣೆ ಹದೀಸ್‌ನಲ್ಲಿದೆ. ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಲಿ ಎಂಬ ತಾಕೀತೂ ಇದೆ. ಬಾಯಿಯ ವಾಸನೆಯಿಂದ ಪಕ್ಕದವರಿಗಾಗುವ ತೊಂದರೆಗೇ ಇಷ್ಟು ಕಾಳಜಿ ಇದ್ದಮೇಲೆ, ಜ್ವರ ಕೆಮ್ಮು ಇಟ್ಟುಕೊಂಡು ಸಫ್‌ನಲ್ಲಿ ನಿಲ್ಲುವುದು ಹೇಗೆ ಸರಿಯಾದೀತು?

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಯಹೂದಿಗಳ ಸಾಂಪ್ರದಾಯಿಕ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಪ್ರೌಢ ಗಂಡಸರು ಸೇರಲೇಬೇಕು. 2020ರಲ್ಲಿ ಅವರ ಸಿನಗಾಗ್‌ಗಳೂ ಮುಚ್ಚಿದವು. ಹಲವು ಕಡೆ ಅವರು ತಮ್ಮ ತಮ್ಮ ಮನೆಯ ಬಾಲ್ಕನಿಯಲ್ಲೇ ನಿಂತು, ಒಬ್ಬರ ಧ್ವನಿ ಇನ್ನೊಬ್ಬರಿಗೆ ಕೇಳುವಂತೆ ಪ್ರಾರ್ಥಿಸಿದರು. ನಮಗಾದರೋ ಇಬ್ಬರಿದ್ದರೂ ಜಮಾಅತ್ ಆಗುತ್ತದೆ. ತಂದೆ ಮಗ ನಿಂತರೆ ಮನೆಯಲ್ಲೇ ಜಮಾಅತ್. ಹಜ್ ಕೂಡ ಆ ವರ್ಷ ಸೌದಿಯಲ್ಲೇ ನೆಲೆಸಿದ್ದ ಸುಮಾರು ಸಾವಿರ ಮಂದಿಯೊಂದಿಗೆ ಮಾತ್ರ ನಡೆಯಿತು.

ರೋಗ ಹರಡುವ ಬಗೆ

ನಮ್ಮ ಯುನಾನಿ ಹಿರಿಯರು ವಬಾ ಎಂದರೆ ಹವೆ ಕೆಡುವುದು ಎಂದು ತಿಳಿದಿದ್ದರು. 14ನೇ ಶತಮಾನದಲ್ಲಿ ಗ್ರಾನಡಾದ ಇಬ್ನುಲ್ ಖತೀಬ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ಲೇಗ್ ರೋಗಿಯ ಸಂಪರ್ಕಕ್ಕೆ ಬಂದವರಿಗೆ ರೋಗ ತಗಲುತ್ತದೆ, ದೂರವಿದ್ದವರು ಉಳಿಯುತ್ತಾರೆ, ಬಟ್ಟೆ ಪಾತ್ರೆಗಳಿಂದಲೂ ಅದು ದಾಟುತ್ತದೆ ಎಂದು ಕಂಡದ್ದನ್ನು ಬರೆದಿಟ್ಟರು. ನಮ್ಮ ಬಿಜಾಪುರಕ್ಕೂ ಪ್ಲೇಗ್ ಹೊಸದಲ್ಲ. 1686ರಲ್ಲಿ ಔರಂಗಜೇಬ್ ಈ ಊರನ್ನು ಗೆದ್ದ ಎರಡು ವರ್ಷಕ್ಕೆ ಇಲ್ಲಿ ಪ್ಲೇಗ್ ಎದ್ದು, ಅವರ ಬೇಗಂ ಔರಂಗಾಬಾದಿ ಮಹಲ್ ಅವರೇ ಅದಕ್ಕೆ ತುತ್ತಾದರು.

ಕೊರೊನಾ ಮುಖ್ಯವಾಗಿ ಉಸಿರಿನಿಂದ ಹರಡುತ್ತದೆ. ಜೋರಾಗಿ ಹೇಳಿದಷ್ಟೂ, ಹಾಡಿದಷ್ಟೂ ಹೆಚ್ಚು. ಕಲಬುರಗಿಯ ಆ ಸಾವಿನ ದಿನವೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಾಡುಗಾರರ ತಂಡವೊಂದು ಚರ್ಚಿನಲ್ಲಿ ಎರಡೂವರೆ ತಾಸು ಅಭ್ಯಾಸ ಮಾಡಿತು. ಸೇರಿದ್ದ 61 ಮಂದಿಯಲ್ಲಿ ಶಂಕಿತರೂ ಸೇರಿ 53 ಮಂದಿಗೆ ಕಾಯಿಲೆ ಕಂಡಿತು, ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಕೂಡಿ ಝಿಕ್ರ್, ನಾತ್ ಹೇಳುವಾಗಲೂ ಇದೇ ಅಪಾಯ. ಆದ್ದರಿಂದ ಮಸೀದಿಯ ಕಿಟಕಿ ಬಾಗಿಲು ತೆರೆದಿರಲಿ. ಅಂಗಳವಿದ್ದರೆ ನಮಾಝ್ ಅಲ್ಲೇ ಆಗಲಿ. ಎ.ಸಿ. ಹಾಕಿ ಬಾಗಿಲು ಮುಚ್ಚುವುದು ಬೇಡ.

ಮಸೀದಿಯೊಳಗಿನ ವ್ಯವಸ್ಥೆ

ಸರಕಾರ ಮುಚ್ಚಲು ಹೇಳಿದಾಗ ಇಮಾಮ್, ಮುಅದ್ದಿನ್ ಮತ್ತು ಅನುಮತಿ ಇದ್ದಷ್ಟು ಮಂದಿಯಿಂದ ಜಮಾಅತ್ ಮುಂದುವರಿಯಲಿ. ತೆರೆಯಲು ಅನುಮತಿ ಸಿಕ್ಕಮೇಲೆ ಹೀಗೆ ಮಾಡಿ:

ವುಝೂ ಮನೆಯಲ್ಲೇ ಮಾಡಿ ಬನ್ನಿ. ಹೌಝ್ ಹತ್ತಿರ ಎಲ್ಲರೂ ಒತ್ತಾಗಿ ಕುಳಿತು ಬಾಯಿ ಮೂಗು ತೊಳೆಯುವುದನ್ನು ಸ್ವಲ್ಪ ಕಾಲ ನಿಲ್ಲಿಸಿ.

ಜಾನಮಾಝ್ ನಿಮ್ಮದೇ ತನ್ನಿ. ಬಾಗಿಲ ಬಳಿ ಬುಟ್ಟಿಯಲ್ಲಿಡುವ ಪ್ಲಾಸ್ಟಿಕ್ ಟೋಪಿಗಳನ್ನೂ ಎಲ್ಲರೂ ಕೈ ಒರೆಸುವ ಟವೆಲನ್ನೂ ತೆಗೆದಿಡಿ.

ನಿಲ್ಲುವ ಜಾಗಕ್ಕೆ ಗುರುತು ಹಾಕಿ. ವಿಜಯಪುರದ ಜಾಮಿಯಾ ಮಸೀದಿಯ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದರಂತೆ ಎರಡು ಸಾವಿರಕ್ಕೂ ಮೇಲ್ಪಟ್ಟು ಮುಸಲ್ಲಾಗಳ ಗುರುತುಗಳಿವೆ. ನಮ್ಮ ಮಸೀದಿಗೂ ಅಂಥ ಗುರುತಿದ್ದರೆ ಒಂದು ಬಿಟ್ಟು ಒಂದರಲ್ಲಿ ನಿಲ್ಲಿ ಎನ್ನುವುದು ಸುಲಭ.

65 ದಾಟಿದವರು, ಗರ್ಭಿಣಿಯರು, 10ರೊಳಗಿನ ಮಕ್ಕಳು ಮನೆಯಲ್ಲೇ ಇರಲಿ ಎಂದು ಆಗ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತ್ತು. ಇದು ನಮಗೆ ಎಲ್ಲಕ್ಕಿಂತ ಕಠಿಣ. ಮೊದಲ ಸಫ್‌ನಲ್ಲಿ ನಲವತ್ತು ವರ್ಷ ನಿಂತ ದಾದಾ ಅವರಿಗೆ ಬರಬೇಡಿ ಎಂದು ಹೇಳುವವರು ಯಾರು? ಕಮಿಟಿಯ ಹುಡುಗರು ಬಾಗಿಲಲ್ಲಿ ತಡೆದರೆ ಅವರಿಗೆ ಅವಮಾನ. ಇಮಾಮ್ ಸಾಹೇಬರೇ ಮನೆಗೆ ಹೋಗಿ, ದೂರದಿಂದ ಸಲಾಂ ಹೇಳಿ, ತಿಳಿಸಿ ಬರಲಿ. ಅವರು ಖಂಡಿತ ಒಪ್ಪುತ್ತಾರೆ.

ಮನೆಗಳ ಪಟ್ಟಿ

ಮಸೀದಿಗೆ ಬೀಗ ಬಿದ್ದರೂ ಜಮಾಅತಿನ ಕೆಲಸ ನಿಲ್ಲುವುದಿಲ್ಲ, ಇನ್ನೂ ಹೆಚ್ಚುತ್ತದೆ. ಯಾವ ಮನೆಯಲ್ಲಿ ಒಂಟಿ ವೃದ್ಧೆ ಇದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇದೆ, ಯಾರಿಗೆ ಡಯಾಲಿಸಿಸ್ ಆಗಬೇಕು, ಯಾರ ಕೂಲಿ ನಿಂತಿದೆ ಎಂಬ ಪಟ್ಟಿ ಕಮಿಟಿಯ ಬಳಿ ಇರಬೇಕು. ಕ್ಷಯರೋಗದ ಗುಳಿಗೆ ನಡುವೆ ನಿಂತರೆ ರೋಗ ಗುಳಿಗೆಗೂ ಬಗ್ಗದಂತಾಗಬಹುದು. ಈ ಪಟ್ಟಿಯನ್ನು ಹೆಂಗಸರು ಸೇರಿ ಮಾಡಲಿ, ಆಶಾ ಕಾರ್ಯಕರ್ತೆಯರ ಜೊತೆಗೂ ಮಾತಾಡಲಿ. ರೋಗದ ವಿವರ ಮಾತ್ರ ಗುಟ್ಟಾಗಿರಲಿ. ಜ್ವರ ಬಂದವರನ್ನು ಓಣಿಯವರು ಬೆರಳು ಮಾಡಿ ತೋರಿಸತೊಡಗಿದರೆ ಮುಂದಿನವರು ಜ್ವರ ಮುಚ್ಚಿಡುತ್ತಾರೆ. ಆಮೇಲೆ ಇಡೀ ಮನೆಗೆ ಹರಡುತ್ತದೆ.

ಯುನಾನಿ ವೈದ್ಯನಾಗಿ ಒಂದು ಮಾತು. ಜೋಶಾಂದಾ ಗಂಟಲಿಗೆ ಹಿತ, ಜೇನು ಕೆಮ್ಮಿಗೆ ಹಿತ. ಆದರೆ ಇವು ಕೊರೊನಾ ತಡೆಯುವುದಿಲ್ಲ, ಆಮ್ಲಜನಕದ ಕೊರತೆ ತುಂಬುವುದಿಲ್ಲ. ಆಕ್ಸಿಮೀಟರ್‌ನಲ್ಲಿ ಅಂಕಿ 94ಕ್ಕಿಂತ ಇಳಿದರೆ, ಅಥವಾ ಉಸಿರಾಟ ಕಷ್ಟವಾದರೆ, ಕಷಾಯ ಕುದಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಲಸಿಕೆ ಬಂದಾಗ ಹಾಕಿಸಿಕೊಳ್ಳಿ. ಮಸೀದಿಯ ಮೈಕಿನಿಂದ ಇದನ್ನೂ ಹೇಳಿಸಿ.

ಇಮಾಮರ ಸಂಬಳ

ಜುಮಾ ದಿನದ ಚಂದಾ ನಿಂತರೆ ಇಮಾಮ್, ಮುಅದ್ದಿನ್ ಅವರ ಮನೆಯ ಒಲೆ ಹೇಗೆ ಉರಿಯಬೇಕು? ಅವರು ಯಾರ ಬಳಿಯೂ ಕೇಳುವವರಲ್ಲ. ಮೂರು ತಿಂಗಳ ಸಂಬಳವನ್ನು ಕಮಿಟಿ ಬೇರೆಯೇ ತೆಗೆದಿಡಲಿ. ಝಕಾತನ್ನು ವರ್ಷ ತುಂಬುವ ಮೊದಲೇ ಕೊಡಬಹುದೇ ಎಂದು ನಿಮ್ಮ ಉಲಮಾಗಳನ್ನು ಕೇಳಿ, ಸಾಧ್ಯವಿದ್ದರೆ ಬಡವರಿಗೆ ಬೇಗ ತಲುಪಿಸಿ.

ಮೈಯ್ಯಿತ್ ಬಂದಾಗ

ಆ ಎರಡು ವರ್ಷಗಳಲ್ಲಿ ಜನರನ್ನು ಹೆಚ್ಚು ನೋಯಿಸಿದ್ದು ಇದೇ. 2020ರ ಮಾರ್ಚ್‌ನ ಸರಕಾರಿ ಮಾರ್ಗಸೂಚಿಯಲ್ಲಿ ದಫನಿಗೆ ಅಡ್ಡಿಯಿರಲಿಲ್ಲ. ಸ್ನಾನ ಮಾಡಿಸುವುದು, ಅಪ್ಪುವುದು, ಮುತ್ತಿಡುವುದು ಬೇಡವೆಂದಿತ್ತು. ಮುಟ್ಟದೆ ಮಾಡುವ ವಿಧಿಗಳಿಗೆ, ಕೊನೆಯ ಸಲ ಮುಖ ನೋಡುವುದಕ್ಕೆ ಅವಕಾಶವಿತ್ತು. ಗುಸುಲ್ ಆಗದಿದ್ದರೆ ಏನು ಮಾಡಬೇಕೆಂಬ ಮಸಲಾ, ಖಬರ್ ಅಗೆಯುವವರು, ಪಿ.ಪಿ.ಇ. ತೊಡಲು ಕಲಿತ ನಾಲ್ಕು ಯುವಕರು, ತಹಶೀಲ್ದಾರರ ಬಳಿ ಮಾತಾಡುವ ಒಬ್ಬರು, ಇವೆಲ್ಲ ಮೊದಲೇ ಗೊತ್ತಾಗಿರಲಿ. ಮೈಯ್ಯಿತ್ ಎದುರಿಗಿಟ್ಟುಕೊಂಡು ಚರ್ಚೆ ಮಾಡುವಂತಾಗಬಾರದು. ಪ್ಲೇಗಿನಲ್ಲಿ ಸತ್ತ ವಿಶ್ವಾಸಿಗೆ ಶಹೀದನ ಪ್ರತಿಫಲವಿದೆ ಎಂಬ ಹದೀಸನ್ನು ಮನೆಯವರಿಗೆ ನೆನಪಿಸಿ.

ಈ ಶುಕ್ರವಾರ ನಮಾಝಿನ ನಂತರ ಕಮಿಟಿಯವರು ಅರ್ಧ ತಾಸು ಕುಳಿತುಕೊಳ್ಳಿ. ಮನೆಗಳ ಪಟ್ಟಿ ಯಾರು ಮಾಡುತ್ತಾರೆ, ಸಂಬಳದ ಹಣ ಎಲ್ಲಿರುತ್ತದೆ, ಖಬರಸ್ತಾನದ ಹೊಣೆ ಯಾರದು ಎಂದು ಒಂದು ಹಾಳೆಯಲ್ಲಿ ಬರೆದು ಮಸೀದಿಯ ಕಪಾಟಿನಲ್ಲಿಡಿ. ಅದನ್ನು ತೆರೆಯುವ ದಿನ ಬಾರದಿರಲಿ ಎಂದು ದುಆ ಮಾಡಿ.