ಹೆಸರು ಒಂದು, ಯಜಮಾನ ಇನ್ನೊಬ್ಬ

ಮಹೀಂದ್ರ ಒಳ್ಳೇದೋ ಸ್ವರಾಜ್ ಒಳ್ಳೇದೋ ಎಂದು ಅರಳಿಕಟ್ಟೆ ಮೇಲೆ ಕೂತು ವಾದ ಮಾಡುವವರು ನಮ್ಮ ಕಡೆ ಬಹಳ. ಯಾವುದನ್ನು ಕೊಂಡರೂ ದುಡ್ಡು ಸೇರುವುದು ಒಂದೇ ಮನೆಗೆ. ಪಂಜಾಬ್ ಟ್ರಾಕ್ಟರ್ಸ್‌ನವರ ಸ್ವರಾಜನ್ನು ಮಹೀಂದ್ರದವರು 2007ರಲ್ಲೇ ಕೊಂಡಿದ್ದಾರೆ.

ಐಷರ್ ಲಾರಿಗೂ ಐಷರ್ ಟ್ರಾಕ್ಟರಿಗೂ ಈಗ ಯಜಮಾನರು ಬೇರೆ. ಟ್ರಾಕ್ಟರು 2005ರಲ್ಲಿ ಚೆನ್ನೈನ ಟಾಫೆಗೆ ಹೋಯಿತು. ಅದೇ ಟಾಫೆಯವರು ಮ್ಯಾಸಿ ಫರ್ಗುಸನ್ ಮಾಡುತ್ತಾರೆ, ಆದರೆ ಆ ಹೆಸರು ಅಮೆರಿಕದ ಆಗ್ಕೋ ಕಂಪನಿಯದಾಗಿತ್ತು. ಇಬ್ಬರಿಗೂ ವ್ಯಾಜ್ಯ ಬಿದ್ದು, 2025ರಲ್ಲಿ ರಾಜಿಯಾಗಿ ಭಾರತ, ನೇಪಾಳ, ಭೂತಾನದ ಮಟ್ಟಿಗೆ ಹೆಸರು ಟಾಫೆಯದಾಯಿತು. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಕುಬೋಟಾದ ಕೈಗೆ ಬಂದು 2022ರಲ್ಲಿ ಎಸ್ಕಾರ್ಟ್ಸ್ ಕುಬೋಟಾ ಆಯಿತು. ಫಾರ್ಮ್‌ಟ್ರಾಕ್, ಪವರ್‌ಟ್ರಾಕ್ ಎರಡೂ ಅವರವೇ.

ಇದೆಲ್ಲ ನಮಗ್ಯಾಕೆ ಅಂತೀರಾ? ಬಿಡಿಭಾಗ ತರಲು ಹೋದಾಗ ಬೇಕಾಗುತ್ತದೆ. ಹೋದ ಮುಂಗಾರಿನಲ್ಲಿ ನಮ್ಮೂರಿನ ಒಬ್ಬರ ಟ್ರಾಕ್ಟರಿನ ಕ್ಲಚ್ ಪ್ಲೇಟು ಸವೆದಿತ್ತು. ಅಂಗಡಿಯವನು "ಎರಡೂ ಒಂದೇ ಕಂಪನಿ ಕಣಣ್ಣ, ಕೂತ್ಕತದೆ ತಗಂಡೋಗು" ಎಂದು ಇನ್ನೊಂದು ಹೆಸರಿನ ಟ್ರಾಕ್ಟರಿನದನ್ನು ಕೊಟ್ಟ. ಗೇರ್‌ಬಾಕ್ಸ್ ಬಿಚ್ಚಿ ನೋಡಿದರೆ ನಡುವಿನ ಹಲ್ಲೇ ಹೊಂದಲಿಲ್ಲ. ಸರಿಯಾದ್ದು ಸಿಗುವಷ್ಟರಲ್ಲಿ ನಾಲ್ಕು ದಿನ ಹೋಯಿತು. ಮಳೆ ನಂಬಿದ ಹೊಲದಲ್ಲಿ ನಾಲ್ಕು ದಿನ ಎಂದರೆ ಹದ ಆರಿತು ಅಂತಲೇ ಲೆಕ್ಕ. ಶೇಂಗಾ ಬೀಜ ಮೂಟೆಯಲ್ಲೇ ಉಳಿಯಿತು.

ಯಜಮಾನ ಒಬ್ಬನಾದ ಮಾತ್ರಕ್ಕೆ ಸಾಮಾನು ಒಂದೇ ಆಗುವುದಿಲ್ಲ. ಕೊಂಡವರು ಹೆಸರು, ಕಾರ್ಖಾನೆ, ಎಂಜಿನ್ ಎಲ್ಲ ಹಾಗೇ ನಡೆಸಿಕೊಂಡು ಹೋಗಬಹುದು. ಕಾರುಗಳಲ್ಲಿ ಇದು ಉಲ್ಟಾ. ಮಾರುತಿ ಬೇರೆ, ಟೊಯೋಟಾ ಬೇರೆ. ಆದರೂ 2019ರಲ್ಲಿ ಬಂದ ಟೊಯೋಟಾ ಗ್ಲಾಂಜಾ ಎಂದರೆ ಮಾರುತಿಯ ಬಲೆನೋನೇ, ಲಾಂಛನ ಬದಲು ಅಷ್ಟೆ. ಮಾರುತಿಯ ಗ್ರ್ಯಾಂಡ್ ವಿಟಾರಾ 2022ರಲ್ಲಿ ತಯಾರಾಗತೊಡಗಿದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ.

ಹಾಗಾದರೆ ಯಾವುದನ್ನು ನಂಬುವುದು? ನಂಬರನ್ನು. ಬೇರಿಂಗ್ ತಗೊಳ್ಳಿ. ಅದರ ಅಂಚಿನಲ್ಲಿ 6205 ಎಂದಿದ್ದರೆ ಒಳಗಿನ ತೂತು 25 ಮಿ.ಮೀ., ಹೊರ ಅಳತೆ 52, ದಪ್ಪ 15. ಯಾವ ಕಂಪನಿ ಮಾಡಿದರೂ ಇದೇ ಅಳತೆ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ತೂತಿನ ಅಳತೆ ಸಿಗುತ್ತದೆ (04ರಿಂದ ಮೇಲಕ್ಕೆ ಈ ಲೆಕ್ಕ). ಏಳನೇ ಕ್ಲಾಸಿನ ಮಗ್ಗಿ ಇಷ್ಟಕ್ಕೆ ಸಾಕು! ಪಕ್ಕದಲ್ಲಿ ಸಿ3 ಎಂದಿದ್ದರೆ ಅದನ್ನೂ ಹೇಳಿ. ಅದರ ಒಳಸಡಿಲ ಬೇರೆ. ನಂಬರು ಹೇಳಿದರೆ ಟ್ರಾಕ್ಟರಿನ ಡೀಲರನ ಹತ್ತಿರವೇ ಹೋಗಬೇಕಿಲ್ಲ, ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ.

ಡೀಸೆಲ್ ಪಂಪಿನ ಸಂಗತಿ ಬೇರೆ. ಬಹಳ ಟ್ರಾಕ್ಟರುಗಳಲ್ಲಿ ಇರುವುದು ಬೆಂಗಳೂರಿನ ಮೈಕೋ ಪಂಪು. 2008ರಿಂದ ಆ ಕಂಪನಿಯ ಹೆಸರು ಬಾಷ್. ಹೊರಗಿನಿಂದ ಎಲ್ಲ ಅಣ್ಣತಮ್ಮಂದಿರ ಹಾಗೆ ಕಂಡರೂ ಒಂದೊಂದು ಎಂಜಿನ್ನಿಗೆ ಒಂದೊಂದು ಸೆಟ್ಟಿಂಗು. ಪಂಪಿಗೆ ಹೊಡೆದ ತಗಡಿನ ನಂಬರು ಪೂರ್ತಿ ಒಂದೇ ಇಲ್ಲದಿದ್ದರೆ ಗುಜರಿಯದನ್ನು ತಂದು ಹಾಕಿಸಬೇಡಿ. ಹೊಗೆ, ಡೀಸೆಲ್ ಎರಡೂ ಜಾಸ್ತಿಯಾಗಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಂಪನಿ ಈಗ ಯಾರದು, ಆ ಮಾಡೆಲ್ ಇನ್ನೂ ನಡೆದಿದೆಯೋ ಕೇಳಿ. ಎಚ್‌ಎಂಟಿಯ ಟ್ರಾಕ್ಟರು ವಿಭಾಗ ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಗಟ್ಟಿ ಗಾಡಿ, ಕಡಿಮೆ ರೇಟಿಗೆ ಸಿಗುತ್ತದೆ ಎನ್ನುತ್ತಾರೆ, ನಿಜ. ಆದರೆ ಮುಂಗಡ ಕೊಡುವ ಮುಂಚೆ ಹತ್ತಿರದ ಪೇಟೆಯಲ್ಲಿ ಅದರ ಕ್ಲಚ್ ಪ್ಲೇಟು, ಹೈಡ್ರಾಲಿಕ್ ಪಂಪು, ಕ್ರೌನ್-ಪಿನಿಯನ್ ಈ ಮೂರು ಸಿಗುತ್ತವೆಯೇ ಎಂದು ಅಂಗಡಿಗೇ ಹೋಗಿ ವಿಚಾರಿಸಿ. ಮಾರುವವನ ಮಾತಿನ ಮೇಲೆ ಹೋಗಬೇಡಿ.